ಅಂಚು ಕತ್ತರಿಸಿದ ಊರು

ಇದಲ್ಲ. ಅವನು ದಾಳದ ಗುರುತಿನ ಮೇಲೆ ಮತ್ತೆ ಒತ್ತಿದ. ಸ್ಕ್ರೀನಿನ ಮೇಲಿದ್ದ ಊರು ಮಂಗಮಾಯವಾಗಿ ತಿಳಿಹಸಿರು ಬಯಲೊಂದು ಉಳಿಯಿತು. ಬಯಲಿನ ನಡುವೆ ಒಂದು ದಾರಿ ತಾನಾಗಿಯೇ ಓಡಿ ಕವಲೊಡೆಯಿತು, ಕವಲಿನ ಎರಡೂ ಬದಿಗೆ ಟಪಟಪನೆ ಮನೆಗಳೆದ್ದವು, ಗೋಡೆಗೆ ಗೋಡೆ ತಾಗಿದಲ್ಲಿ ಕಮಾನು ಮೂಡಿತು, ದಾರಿ ತಾಗಿದಲ್ಲಿ ಬಾಗಿಲು ಮೂಡಿತು, ಮಹಡಿ ಏರಿದಲ್ಲಿ ಹೊರಮೆಟ್ಟಿಲು ಇಳಿಯಿತು, ಕೊನೆಗೆ ಎಲ್ಲಿಂದಲೋ ಎರಡು ಹಕ್ಕಿ ಬಂದು ಕೆಂಪು ಹಂಚಿನ ಮಾಡಿನ ಮೇಲೆ ಕೂತವು. ಎಷ್ಟು ಚೆಂದದ ಊರು! ಇದೂ ಅಲ್ಲ. ಅವನಿಗೆ ಬೇಕಾದದ್ದು ಒಂದೇ ಒಂದು ಊರು. ಮೂಲೆಯಲ್ಲಿ ಒಂಟಿ ಗೋಪುರ, ಗೋಪುರದ ಬುಡದಲ್ಲಿ ಬಾವಿ, ಬಾವಿ ದಾಟಿ ತಿರುಗಿದರೆ ಹಳದಿ ಮಾಡಿನ ಮನೆ, ಆ ಮನೆಗೊಂದು ಹೊರಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಇಸ್ತ್ರಿ ಮೇಜು ಹಿಡಿಯುವಷ್ಟು ಜಾಗ. ಮೇಜು ಚಿತ್ರದಲ್ಲಿ ಇರಲಿಲ್ಲ. ಅದನ್ನು ಅಕ್ಕ ತಾನೇ ಇಟ್ಟುಕೊಂಡಿದ್ದಳು, ಮನಸ್ಸಿನಲ್ಲಿ. ಬೆಳಿಗ್ಗೆಯಿಂದ ಒತ್ತಿ ಒತ್ತಿ ಅವನ ತೋರುಬೆರಳು ಮರಗಟ್ಟಿತ್ತು. ಒಮ್ಮೆ ಇದೇ ಕುರ್ಚಿಯಲ್ಲಿ ಕೂತವನ ಎದುರು ಬಂದ ಊರು ಇನ್ನೊಮ್ಮೆ ಬರದೆ ಎಲ್ಲಿಗೆ ಹೋದೀತು ಅಂತ ಹಟ. ಬೆನ್ನ ಹಿಂದೆ ಯಾರದೋ ಹೆಜ್ಜೆ ಕೇಳಿದ ಕೂಡಲೇ ಆ ಕಿಟಕಿ ಮುಚ್ಚಿ, ನಿಜವಾದ ನಕ್ಷೆಯ ಕಿಟಕಿ ತೆರೆದು, ಇಲ್ಲದ ಗೆರೆಯೊಂದನ್ನು ಸರಿಮಾಡುವವನ ಹಾಗೆ ಮುಖ ಬಿಗಿಹಿಡಿದ. ಹೆಜ್ಜೆ ನೀರಿನ ಡಬ್ಬದ ಕಡೆಗೆ ಹೋಯಿತು. ಥೂ, ಇದೊಂದು ಬಾಳೇ ಅನ್ನಿಸಿತು.

ಬೆಳಿಗ್ಗೆ ಆಫೀಸಿನ ಯಜಮಾನರು ಅವನ ಮೇಜಿನ ಅಂಚಿಗೆ ಸೊಂಟ ಕೊಟ್ಟು ನಿಂತು ಹೇಳಿದ್ದು ಬಹಳ ಹಗುರವಾಗಿ. "ಏನಯ್ಯಾ ಸ್ಕೇಲು, ಕಾಲುವೆ ಓಣಿಯವರದ್ದು ಹೊಸ ರಗಳೆ. ಊರಿನ ಹಿಂದುಗಡೆ ಹೇಗಿದೆ ತೋರಿಸಿ ಅಂತಾರೆ. ಹಿತ್ತಲು ಕಾಣಬೇಕಂತೆ ಮಹಾರಾಯರಿಗೆ. ನೀನೇ ಬರೆದದ್ದಲ್ವಾ, ಒಂಚೂರು ತಿರುಗಿಸಿ ಹಿಂದಿನಿಂದ ಒಂದು ಚಿತ್ರ ತೆಗೆದುಬಿಡು. ಸಾಯಂಕಾಲ ನೀನೇ ಹೋಗಿ ತೋರಿಸಿ ಬೀಗದ ಕೈಗಳನ್ನ ಈಸ್ಕೊಂಡು ಬಾ. ಹೇಗಿದ್ರೂ ನಿಮ್ಮಕ್ಕ ಅಲ್ಲೇ ಇರೋದಲ್ವಾ? ನಿನ್ನ ಮಾತು ಕೇಳ್ತಾರೆ. ನಾಳೆ ಓಣಿ ಕೆಡವೋಕೆ ಯಂತ್ರ ಬರುತ್ತೆ." ಅವನು "ಆಯ್ತು ಸಾರ್" ಅಂದ. ಯಾವ ಮಾತಿಗಾದರೂ ಅವನ ಬಾಯಿಂದ ಮೊದಲು ಬರುವುದು ಇದೇ. ಸ್ಕೇಲು ಅನ್ನುವ ಹೆಸರು ಆಫೀಸಿನವರು ಇಟ್ಟಿದ್ದು ಅವನ ನಕ್ಷೆಯ ಗೆರೆ ನೋಡಿ ಅಲ್ಲ, ಅಂಗಿಯ ತೋಳಿನ ಗೆರೆ ನೋಡಿ. ಅಕ್ಕ ಇಸ್ತ್ರಿ ಹಾಕಿದ ತೋಳು ಅದು, ಬೆರಳಿಟ್ಟರೆ ಕೊಯ್ಯುತ್ತದೆ ಅಂತ ಪಕ್ಕದ ಮೇಜಿನ ಚಷ್ಮಾ ಹುಡುಗಿ ನಗುತ್ತಾಳೆ. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಅವನ ಅಂಗಿಗಳು ವಾರಕ್ಕೊಮ್ಮೆ ಕಾಲುವೆ ಓಣಿಗೆ ಹೋಗಿ ಮಡಿಕೆಯಾಗಿ ಬರುತ್ತವೆ. "ನನಗೆ ಬರಲ್ವಾ ಇಸ್ತ್ರಿ?" ಅಂತ ಹೆಂಡತಿ ಮುನಿಸಿಕೊಂಡದ್ದೂ ಉಂಟು. ಈ ದಿನ ಹಾಕಿಕೊಂಡದ್ದೂ ಅಕ್ಕನ ಕೈಯ ಅಂಗಿಯೇ. ಕಂಕುಳಲ್ಲಿ ಬೆವರಿ ಅದು ಮುದ್ದೆಯಾಗಿತ್ತು.

ಊರು ಎಬ್ಬಿಸುವ ಆ ಆಟವನ್ನು ತೋರಿಸಿಕೊಟ್ಟವಳೂ ಅದೇ ಚಷ್ಮಾ ಹುಡುಗಿ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಕೂತಾಗ, "ಸಾರ್, ಇದು ನೋಡಿ, ಬ್ರೌಸರ್‌ನಲ್ಲೇ ಬರುತ್ತೆ, ಮಜಾ ಇದೆ" ಅಂದಿದ್ದಳು. ದಾಳ ಒತ್ತಿದರೆ ಊರು. ಬೇಕಾದರೆ ಬಯಲಲ್ಲಿ ಎಲ್ಲಿ ಬೆರಳಿಟ್ಟರೆ ಅಲ್ಲೊಂದು ಮನೆ. ಇಪ್ಪತ್ತು ವರ್ಷ ಗೋಡೆಯ ದಪ್ಪ, ಚರಂಡಿಯ ಇಳಿಜಾರು, ಕಕ್ಕಸಿನ ಅಗಲ ಅಂತ ಬರೆದವನಿಗೆ ಯಾರ ಸಹಿಯೂ ಇಲ್ಲದೆ ಹುಟ್ಟುವ ಊರು ಕಂಡು ಎದೆಯೊಳಗೆ ಏನೋ ಸಡಿಲವಾಯಿತು. ಮಗುವಿನ ಹಾಗೆ ಆಡಿದ. ದಾರಿ ಮುಟ್ಟದ ಮನೆಗೆ ಆಟ ಬಾಗಿಲು ಕೊಡುವುದಿಲ್ಲ ಅಂತ ಕಂಡುಕೊಂಡು, ಪಾಪ, ಒಳಗಿರುವವರು ಹೊರಗೆ ಬರುವುದು ಹೇಗೆ ಅಂತ ತಾನೇ ದಾರಿ ಎಳೆದು ಕೊಟ್ಟದ್ದೂ ಉಂಟು. ಆಮೇಲೆ ಒಂದು ದಿನ ಯಜಮಾನರು ಬಂದು, ಕಾಲುವೆ ಓಣಿಯವರಿಗೆ ಹೊಸ ಜಾಗ ಹೀಗಿರುತ್ತೆ ಅಂತ ತೋರಿಸೋಕೆ ಒಂದು ಚಿತ್ರ ಬೇಕು, ಏನಾದರೊಂದು, ನಾಳೆ ಬೆಳಿಗ್ಗೆಗೆ, ಜನರಿಗೆ ನಕ್ಷೆ ಗಿಕ್ಷೆ ಅರ್ಥವಾಗಲ್ಲ, ಚೆಂದ ಕಂಡರೆ ಸಾಕು ಅಂದರು. ಆ ಹೊತ್ತಿಗೆ ಅವನ ಸ್ಕ್ರೀನಿನ ಮೇಲೆ ಗೋಪುರ, ಬಾವಿ, ಹಳದಿ ಮಾಡು ಎಲ್ಲ ಸಿದ್ಧವಾಗಿ ನಿಂತಿದ್ದವು. ಏನಾದರೊಂದು ಅಂದರಲ್ಲ! ಚಿತ್ರ ಹಿಡಿದು ಉಳಿಸಿಕೊಂಡ. ಕಿಟಕಿಯ ಮೇಲಂಚು, ಕೆಳಗಿನ ಗುಂಡಿಗಳು, ಆಟದ ಗುರುತು ಏನೂ ಕಾಣದ ಹಾಗೆ ನಾಲ್ಕೂ ಕಡೆ ಅಂಚು ಕತ್ತರಿಸಿ, ಕೆಳಗೆ ಆಫೀಸಿನ ಹೆಸರು ಕೂರಿಸಿದ. ಯಜಮಾನರು ನೋಡಿ ಬೆನ್ನು ತಟ್ಟಿದರು. "ಭಲೇ, ಒಳಗೊಳಗೇ ಇಷ್ಟೆಲ್ಲಾ ಇಟ್ಕೊಂಡಿದ್ಯೇನಯ್ಯಾ?" ಅದು ನಾನು ಬರೆದದ್ದಲ್ಲ ಅನ್ನಲು ಬಾಯಿ ತೆರೆದ. ಬೆನ್ನ ಮೇಲೆ ಬಿದ್ದ ಆ ಕೈಗಾಗಿ ಎಷ್ಟು ವರ್ಷ ಕಾದಿದ್ದನೋ ಏನೋ, ಬಾಯಿ ಮತ್ತೆ ಮುಚ್ಚಿಕೊಂಡಿತು.

ಈಗ ಆ ಚಿತ್ರ ಓಣಿಯ ಬಾಯಲ್ಲಿ ಫ್ಲೆಕ್ಸ್ ಆಗಿ, ಎರಡು ಕಂಬಗಳ ನಡುವೆ, ಒಂದು ಬಸ್ಸಿನಷ್ಟು ಅಗಲಕ್ಕೆ ನೇತಾಡುತ್ತಿತ್ತು. ಕಟ್ಟಿದ ದಿನ ಓಣಿಗೆ ಓಣಿಯೇ ಬಂದು ಕತ್ತೆತ್ತಿ ನಿಂತಿತ್ತಂತೆ. ಸಂಜೆಯೊಳಗೆ ಮನೆಗಳು ಹಂಚಿಹೋದವು. ಬಾವಿ ಪಕ್ಕದ್ದು ನನಗೆ ಅಂತ ದರ್ಜಿ, ನನಗೆ ಅಂತ ಹಾಲಿನವಳು, ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟು, ಆಮೇಲೆ ಅಕ್ಕನೇ ನಡುವೆ ಬಂದು ರಾಜಿ ಮಾಡಿಸಿ, ಮಾರ್ಕರ್ ಪೆನ್ನಿನಲ್ಲಿ ಒಂದೊಂದು ಮಾಡಿನ ಮೇಲೂ ಹೆಸರು ಬರೆಸಿದಳು. ಆ ಓಣಿಯವರು ಅಲ್ಲಿಯವರೆಗೆ ಸಾಯುತ್ತೇವೆ, ಬಿಡುವುದಿಲ್ಲ ಅಂತ ಕೂತವರು. ಅಕ್ಕ ಒಂದೊಂದು ಮನೆಯ ಹೊಸ್ತಿಲಿಗೂ ಹೋಗಿ ಹೇಳಿದಳು: "ನನ್ನ ತಮ್ಮ ಬರೆದಿರೋ ಊರು ಅದು. ಗೆರೆ ಕೂದಲಷ್ಟು ಆಚೀಚೆ ಆದ್ರೆ ಅನ್ನ ಸೇರಲ್ಲ ಅವನಿಗೆ. ಕಣ್ಣು ಮುಚ್ಕೊಂಡು ಒಪ್ಕೊಳ್ಳಿ." ಒಪ್ಪಿಕೊಂಡರು. ಅದನ್ನು ಅವನಿಗೆ ಫೋನಿನಲ್ಲಿ ಹೇಳುವಾಗ ಅಕ್ಕನ ದನಿಯಲ್ಲಿದ್ದ ಹಿಗ್ಗನ್ನು ಅವನು ಎಂದಾದರೂ ಮರೆಯುವುದುಂಟೇ? ಇನ್ನೇನು ಹೇಳಿಬಿಡಬೇಕು, ಈ ವಾರ, ಮುಂದಿನ ವಾರ, ಅಂಗಿ ಕೊಡಲು ಹೋದಾಗ, ಅಂಗಿ ತರಲು ಹೋದಾಗ. ಹೋದಾಗಲೆಲ್ಲ ಅಕ್ಕ ಮೆಟ್ಟಿಲ ಕೆಳಗಿನ ಜಾಗದ ಮಾತು ಎತ್ತುತ್ತಿದ್ದಳು. ಬಿಸಿಲು ಬೀಳಲ್ಲ ಅಲ್ವೇನೋ ಅಲ್ಲಿ? ಹೂಂ ಅಕ್ಕಾ, ಬೀಳಲ್ಲ.

ಮುಚ್ಚಿಟ್ಟ ಇನ್ನೊಂದು ಕಿಟಕಿಯಲ್ಲಿ ಇದ್ದದ್ದು ನಿಜವಾದ ನಕ್ಷೆ. ಅದನ್ನಂತೂ ಬರೆದವನು ಅವನೇ. ಊರಾಚೆಯ ಚಪ್ಪಟೆ ನೆಲದ ಮೇಲೆ ನಾಲ್ಕು ಮಹಡಿಯ ಉದ್ದನೆಯ ಪೆಟ್ಟಿಗೆಗಳು, ಒಂದರ ಬೆನ್ನಿಗೆ ಒಂದು. ಒಂದು ಕೋಣೆ ಬರೆದು, ಇಷ್ಟು ಸಲ ಅಡ್ಡಕ್ಕೆ, ಇಷ್ಟು ಸಲ ಉದ್ದಕ್ಕೆ ಅಂತ ಹೇಳಿ ಒಂದು ಗುಂಡಿ ಒತ್ತಿದ್ದ, ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಕೋಣೆಗಳು ತುಂಬಿಕೊಂಡವು. ಆಟದ ಊರಿನಲ್ಲಿ ಎರಡು ಮನೆ ಒಂದೇ ಥರ ಇರುತ್ತಿರಲಿಲ್ಲ. ಜನ ಬದುಕಬೇಕಾದ ಊರಿನಲ್ಲಿ ಎಲ್ಲ ಒಂದೇ ಥರ. ಈ ಕೋಣೆಯಲ್ಲಿ ಅಕ್ಕನ ಮೇಜು ಅಡ್ಡ ಇಟ್ಟರೆ ಮಲಗಲು ಜಾಗವಿಲ್ಲ, ಉದ್ದ ಇಟ್ಟರೆ ಬಾಗಿಲು ತೆರೆಯುವುದಿಲ್ಲ. ಅಳತೆ ಹಾಕಿ ನೋಡಿದ್ದ ಅವನು, ಹಾಕದೆ ಇರಲಾಗದೆ. ನಾಲ್ಕನೆಯ ಮಹಡಿಗೆ ಬಟ್ಟೆಯ ಗಂಟು ಹೊತ್ತು ಯಾವ ಗಿರಾಕಿ ಹತ್ತಿ ಬಂದಾನು? ಯಜಮಾನರನ್ನು ಒಮ್ಮೆ ಕೇಳಿಯೂ ಕೇಳಿದ್ದ, ಸಾರ್, ಚಿತ್ರಕ್ಕೂ ಇದಕ್ಕೂ ಒಂದಕ್ಕೊಂದು ತಾಳಮೇಳ ಇಲ್ಲವಲ್ಲ ಅಂತ. "ಚಿತ್ರ ಚಿತ್ರಾನೇ ಕಣಯ್ಯಾ" ಅಂದಿದ್ದರು ಅವರು, ಬೇಸರವಿಲ್ಲದೆ. ಅವನು ಆಯ್ತು ಸಾರ್ ಅಂದಿದ್ದ.

ಮಧ್ಯಾಹ್ನ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಚಷ್ಮಾ ಹುಡುಗಿಯನ್ನು ಕೇಳಿದ, ಯಾರಿಗೋ ಬೇಕಂತೆ ಅನ್ನುವ ದನಿಯಲ್ಲಿ. "ಆ ಆಟದಲ್ಲಿ ಒಮ್ಮೆ ಬಂದ ಊರು ಮತ್ತೆ ತರಿಸೋಕಾಗುತ್ತಾ?"

"ಅಯ್ಯೋ, ಯಾಕಾಗಲ್ಲ ಸಾರ್? ಪ್ರತಿ ಊರಿಗೂ ಒಂದು ನಂಬರ್ ಇರುತ್ತಲ್ಲ. ಅಗೋ, ಮೇಲ್ಗಡೆ ಅಂಚಲ್ಲಿ, ವಿಳಾಸದ ಕೊನೆಗೆ. ಅದೇ ಬೀಜ ಅದಕ್ಕೆ. ಅದೇ ನಂಬರ್ ಹಾಕಿದ್ರೆ ಅದೇ ಊರು, ಒಂದು ಹಕ್ಕೀನೂ ಹೆಚ್ಚುಕಮ್ಮಿ ಆಗಲ್ಲ."

"ನಂಬರ್ ಇಲ್ದಿದ್ರೆ?"

"ಇಲ್ದಿದ್ರೆ ಹೋಯ್ತು. ಆದ್ರೆ ಯಾರ್ ಸಾರ್ ಅಂಚು ಬಿಟ್ಟು ಚಿತ್ರ ಹಿಡೀತಾರೆ?"

ಅವನು ನಕ್ಕ. ಯಾರು ಅಂಚು ಕತ್ತರಿಸುತ್ತಾರೆ! ಕೆಲಸಕ್ಕೆ ಸೇರಿದ ದಿನದಿಂದ ಕಲಿತದ್ದೇ ಅದು, ಹಾಳೆ ಯಾವುದೇ ಇರಲಿ, ಯಜಮಾನರ ಮುಂದೆ ಇಡುವ ಮೊದಲು ನಾಲ್ಕೂ ಅಂಚು ಕತ್ತರಿಸಿ ಇಡಬೇಕು, ಕೈಯ ಮಸಿ, ಪೆನ್ಸಿಲ್ ಲೆಕ್ಕ, ತಪ್ಪಿ ಎಳೆದ ಗೆರೆ ಏನೂ ಕಾಣಬಾರದು. ಅಚ್ಚುಕಟ್ಟು ಅಂತ ಅದಕ್ಕೆ ಹೆಸರು. ಅಷ್ಟಕ್ಕೇ ಬಿಟ್ಟನೇ? ಕೆಲಸದ ಹೊತ್ತಿನಲ್ಲಿ ಆಟ ಆಡಿದ್ದು ಗೊತ್ತಾದರೆ ಮಾನ ಹೋಗುತ್ತದೆ ಅಂತ ಬ್ರೌಸರ್‌ನಲ್ಲಿ ಹಿಂದಿನದೆಲ್ಲವನ್ನೂ ಅಳಿಸಿಹಾಕಿದ್ದ. ತಾನೇ ಅಳಿಸಿದ, ತಾನೇ ಕತ್ತರಿಸಿದ, ಈಗ ತಾನೇ ತಲೆ ಚಚ್ಚಿಕೊಳ್ಳಬೇಕು. ಸಣ್ಣವನಿದ್ದಾಗ ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆಯುತ್ತಿದ್ದ. ಅಕ್ಕ ಕೆಲಸ ಬಿಟ್ಟು ಬಂದು, ಇದು ನಂದು ಕಣೋ ಅಂತ ಆ ಗೆರೆಗಳ ಒಳಗೆ ಕಾಲು ಮಡಚಿ ಕೂತುಬಿಡುತ್ತಿದ್ದಳು. ಹೊರಗೆ ಬಾ ಅಂದರೆ, ಬಾಗಿಲೆಲ್ಲೋ ಬಿಟ್ಟಿದ್ದೀಯ, ಹೇಗೆ ಬರಲಿ ಅಂತ ನಗು. ಆಗ ಅಂಗೈಯಿಂದ ಒಂದಿಷ್ಟು ಗೆರೆ ಅಳಿಸುತ್ತಿದ್ದ, ಅಕ್ಕ ಬರುತ್ತಿದ್ದಳು.

ಮತ್ತೆ ಒಂದಿಷ್ಟು ಊರುಗಳನ್ನು ತರಿಸಿ, ಅದರಲ್ಲಿ ಗೋಪುರ ಇದ್ದದ್ದೊಂದನ್ನು ಹಿಡಿದ. ಹಿಂದುಗಡೆ ಅಂತ ಯಾರು ಬೇಕಾದರೂ ನಂಬಬಹುದು. ಕೆಂಪು ಮಾಡುಗಳಲ್ಲಿ ಒಂದಕ್ಕೆ ಹಳದಿ ಬಳಿದ. ಹಕ್ಕಿಗಳನ್ನು ಅಳಿಸಿದ, ಯಾಕೋ. ಪ್ರಿಂಟ್ ತೆಗೆದು ಕತ್ತರಿ ಹಿಡಿದಾಗ ಕೈ ತಾನಾಗಿಯೇ ಅಂಚಿಗೆ ಹೋಯಿತು. ಕಾಗದ ಸುರುಳಿ ಸುತ್ತಿ, ಯಜಮಾನರು ಕೊಟ್ಟ ಬಟ್ಟೆಚೀಲವನ್ನು ಹೆಗಲಿಗೆ ಹಾಕಿ ಹೊರಟ. ಚೀಲದ ಮೇಲೆ ಯಾವುದೋ ಬಣ್ಣದ ಅಂಗಡಿಯ ಹೆಸರಿತ್ತು, ಕೆಳಗೆ ನಗುವ ಮನೆಯ ಚಿತ್ರ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಕಾಣುವ ಒಂದೊಂದು ಮನೆಗೂ ಬಾಗಿಲಿತ್ತು, ಎಂಥ ದರಿದ್ರ ಮನೆಗೂ. ಬಸ್ಸು ಕೆಟ್ಟು ನಿಲ್ಲಬಾರದೇ ಅಂತ ಬೇಡಿಕೊಂಡ. ಯಾವತ್ತೂ ಕೆಡುವ ಬಸ್ಸು ಈ ದಿನ ಬಾಣದ ಹಾಗೆ ಹೋಯಿತು.

ಫ್ಲೆಕ್ಸಿನ ಕೆಳಗೆ ಎಲ್ಲರೂ ಇದ್ದರು. ಸಾಮಾನು ಕಟ್ಟಿದ ಗಂಟುಗಳು ಬಾಗಿಲ ಮುಂದೆಲ್ಲ ಕೂತಿದ್ದವು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು. ಅವನ ಕೈಯಿಂದ ಸುರುಳಿ ತೆಗೆದುಕೊಂಡು ಅವಳೇ ಬಿಡಿಸಿ, ಇಸ್ತ್ರಿ ಮೇಜಿನ ಮೇಲೆ ಹರಡಿ, ಸುಕ್ಕು ಹೋಗಲಿ ಅಂತ ಅಂಗೈಯಿಂದ ಎರಡು ಸಲ ಸವರಿದಳು. ತಲೆಗಳು ಬಾಗಿದವು.

"ಬಾವಿ ಎಲ್ಲಿ?" ಅಂದ ದರ್ಜಿ.

ಅಕ್ಕ ಕಾಗದದಿಂದ ಕಣ್ಣೆತ್ತದೆ, "ಗೋಪುರದ ಮರೆಗೆ ಹೋಗಿದೆ, ಹಿಂದಿನಿಂದ ಹೇಗೆ ಕಾಣುತ್ತೆ?" ಅಂದಳು.

"ನಮ್ಮ ಮನೆ ಪಕ್ಕ ಕಮಾನು ಇತ್ತಲ್ಲ?" ಅಂದಳು ಹಾಲಿನವಳು.

"ಕಮಾನು ಮುಂದುಗಡೆಗೆ. ಹಿಂದೆಯೂ ಕಮಾನು ಕಟ್ಟೋಕೆ ಅರಮನೆಯೇನೇ ಅದು? ಹಿತ್ತಲು ನೋಡು ಎಷ್ಟು ದೊಡ್ಡದಿದೆ."

"ಅದೂ ಸರೀನೇ" ಅಂದಳು ಹಾಲಿನವಳು, ಹಿತ್ತಲಿನಲ್ಲಿ ಆಗಲೇ ಹಸು ಕಟ್ಟಿದವಳ ಹಾಗೆ. ಅಕ್ಕ ಒಂದೊಂದು ತೂತಿಗೂ ತೇಪೆ ಹಾಕುತ್ತಿದ್ದಳು, ಅವನು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದ. ಯಾರಾದರೂ ಬೈಯಬಾರದೇ, ಕಾಲರ್ ಹಿಡಿದು ಯಾವ ಊರೋ ಇದು ಅನ್ನಬಾರದೇ ಅಂತ ಒಳಗೆ ಒಬ್ಬ ಕೂಗುತ್ತಿದ್ದ, ಸದ್ಯ ಯಾರೂ ಕೇಳಲಿಲ್ಲವಲ್ಲ ಅಂತ ಇನ್ನೊಬ್ಬ ಉಸಿರು ಬಿಡುತ್ತಿದ್ದ. ಇಬ್ಬರೂ ಅವನೇ. ಕೊನೆಗೆ ದರ್ಜಿ ಅವನ ಮುಖವನ್ನೇ ನೋಡಿ, "ನೀವು ಹೇಳಿ ತಮ್ಮಾ, ನಂಬಬಹುದಾ?" ಅಂದ. ಆಗಲಾದರೂ ಬಾಯಿಬಿಡಬಹುದಿತ್ತು. ಅಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು, "ಅವನನ್ನೇನು ಕೇಳ್ತೀಯ ದರ್ಜಿಯಣ್ಣಾ, ಇಗೋ, ಮೊದಲು ನಂದು" ಅಂತ ಚೀಲದೊಳಗೆ ಹಾಕಿಯೇಬಿಟ್ಟಳು. ಆಮೇಲೆ ಉಳಿದವು ಒಂದೊಂದಾಗಿ ಬಿದ್ದವು. ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು ಅವನು ಎಲ್ಲರಿಗೂ ಆಯ್ತು, ಆಯ್ತು ಅನ್ನುತ್ತಿದ್ದ.

ಜನ ಚದುರಿದ ಮೇಲೆ ಅಕ್ಕ ಅವನನ್ನು ಒಳಗೆ ಕರೆದು ನೀರು ಕೊಟ್ಟಳು. ಗೋಡೆಯ ಮೇಲೆ ಕಪಾಟು ಇದ್ದಲ್ಲಿ ಬಿಳಿಯ ಚೌಕ ಉಳಿದಿತ್ತು. ಇದ್ದಿಲ ವಾಸನೆ, ನೀರು ಚಿಮುಕಿಸಿದ ಬಟ್ಟೆಯ ವಾಸನೆ ಮಾತ್ರ ಗಂಟು ಕಟ್ಟಲಾಗದೆ ಅಲ್ಲೇ ಇತ್ತು. "ಒಂದು ಮಾತು ಹೇಳ್ಲಾ ಮರಿ? ಬೇಜಾರು ಮಾಡ್ಕೋಬೇಡ" ಅಂದಳು.

"ಏನಕ್ಕಾ?"

"ನನ್ನ ಮನೆಗೆ ಬಾಗಿಲು ಬಿಡೋದು ಮರ್ತಿದೀಯ." ಹೊರಗಿನವರಿಗೆ ಕೇಳಬಾರದು ಅಂತ ದನಿ ತಗ್ಗಿಸಿದಳು. "ಮೊದಲ ದಿನವೇ ನೋಡ್ದೆ. ಮೆಟ್ಟಿಲು ಹತ್ತಿ ಹೋದ್ರೆ ಬರೀ ಗೋಡೆ. ಎಲ್ಲರ ಮುಂದೆ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ನಿಮ್ಮ ಸಾಹೇಬ್ರಿಗೂ ಗೊತ್ತಾಗೋದು ಬೇಡ. ನೀನೇ ಮೆಲ್ಲಗೆ ಒಂದು ಬಾಗಿಲು ಹಾಕ್ಬಿಡು. ದೊಡ್ಡದೇನೂ ಬೇಡಪ್ಪಾ, ಮೇಜು ಹಿಡಿದ್ರೆ ಸಾಕು."

ಲೋಟ ಕೆಳಗಿಟ್ಟ. ಇಡುವಾಗ ಅದು ಉರುಳಿತು, ನೀರು ನೆಲದ ಮೇಲೆ ಹರಿಯಿತು, ಅಕ್ಕ ಒರೆಸಲು ಬಟ್ಟೆ ಹುಡುಕಿದರೆ ಬಟ್ಟೆಯೆಲ್ಲ ಗಂಟಿನಲ್ಲಿ. ಅವನಿಗೆ ಅಳು ಬಂತು. ಕೂದಲು ನರೆತ ಗಂಡಸು, ಇಸ್ತ್ರಿಯ ಅಂಗಿ ಹಾಕಿಕೊಂಡು ಹೋ ಎಂದು ಅತ್ತುಬಿಟ್ಟ. "ಅಕ್ಕಾ, ಅದು ನಾನು ಬರೆದ ಊರಲ್ಲ. ಅದೊಂದು ಆಟ. ಗುಂಡಿ ಒತ್ತಿದ್ರೆ ಊರು ಬರುತ್ತೆ, ಇನ್ನೊಂದು ಸಲ ಒತ್ತಿದ್ರೆ ಹೋಗುತ್ತೆ. ಈಗ ತೋರಿಸಿದ್ದು ಬೇರೆಯೇ ಊರು. ಅವರು ಕಟ್ಟೋದು ಇದ್ಯಾವುದೂ ಅಲ್ಲ. ನಾಲ್ಕು ಮಹಡಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ."

ಅಕ್ಕ ಕೂತಲ್ಲೇ ಕೂತಿದ್ದಳು. "ಮೇಜು?"

"ಹಿಡಿಯಲ್ಲ. ಅಳತೆ ಹಾಕಿ ನೋಡ್ದೆ."

"ಮತ್ತೆ ಹಳದಿ ಮನೆ?"

"ಅದು ಎಲ್ಲೂ ಇಲ್ಲ ಅಕ್ಕಾ. ಯಾರೂ ಕಟ್ಟಲ್ಲ. ಆ ಊರನ್ನ ಮತ್ತೆ ತರಿಸೋಕೂ ಆಗಲ್ಲ ನನ್ನ ಕೈಲಿ. ನಂಬರ್ ಇತ್ತು. ನಾನೇ ಕತ್ತರಿಸಿಬಿಟ್ಟೆ."

ಹೊಡೆಯುತ್ತಾಳೆ ಅಂದುಕೊಂಡ. ಹೊಡೆಯಲಿ ಅಂತ ಕೆನ್ನೆಯನ್ನು ಸ್ವಲ್ಪ ಮುಂದಕ್ಕೇ ತಂದಿದ್ದ ಅಂತ ಆಮೇಲೆ ನೆನಪಾಗಿ ನಾಚಿಕೆಯಾಯಿತು. ಅಕ್ಕ ಕೈ ಚಾಚಿದ್ದು ಅವನ ಜೇಬಿಗೆ. "ತೋರ್ಸು." ಫೋನಿನಲ್ಲಿ ಆ ಪುಟ ತೆರೆದು ಕೊಟ್ಟ. ಎಲ್ಲಿ ಒತ್ತೋದು ಅಂದಳು, ದಾಳ ತೋರಿಸಿದ. ಕೆಂಡದ ಇಸ್ತ್ರಿ ಹಿಡಿದು ಹಿಡಿದು ತೊಗಲು ದಪ್ಪಗಾದ ಬೆರಳು, ಮೊದಲ ಸಲ ಒತ್ತಿದರೆ ಪರದೆಗೆ ತಿಳಿಯಲಿಲ್ಲ. ಎರಡನೆಯ ಸಲ ಬಯಲು ಬಂತು, ದಾರಿ ಓಡಿತು, ಮನೆಗಳೆದ್ದವು, ಹಕ್ಕಿ ಕೂತವು. ಅವಳ ಮುಖದ ಮೇಲೆ ಆ ಬಣ್ಣದ ಬೆಳಕು ಬಿತ್ತು. ಬಗ್ಗಿ, ಒಂದೊಂದು ಮೂಲೆಯನ್ನೂ ನೋಡಿ, ತಲೆ ಅಲ್ಲಾಡಿಸಿ ಮತ್ತೆ ಒತ್ತಿದಳು. ಮತ್ತೆ. ಮತ್ತೆ.

"ಸಿಗಲ್ಲ ಅಕ್ಕಾ. ಬೆಳಿಗ್ಗೆಯಿಂದ ಅದನ್ನೇ ಮಾಡ್ದೆ. ಜೀವಮಾನ ಒತ್ತಿದ್ರೂ ಸಿಗಲ್ಲ."

"ನೀನು ಸುಮ್ನಿರು."

ಫೋನು ಹೊಡೆದುಕೊಂಡಿತು. ಯಜಮಾನರ ಹೆಸರು ಬಂದು ಊರನ್ನೆಲ್ಲ ಮುಚ್ಚಿಬಿಟ್ಟಿತು. "ಇದನ್ನ ತೆಗೆಯೋದು ಹೇಗೋ?" ಅಂದಳು ಅಕ್ಕ, ನೊಣ ಓಡಿಸುವವಳ ಹಾಗೆ. ಅವನ ಬಾಯಿಗೆ ಆಯ್ತು ಸಾರ್ ಬಂದು ನಿಂತಿತ್ತು. ಕೆಂಪು ಗುರುತು ತೋರಿಸಿದ. ಅವಳು ಒತ್ತಿದಳು, ಯಜಮಾನರು ಹೋಗಿ ಊರು ಮರಳಿ ಬಂತು. ಹೊರಗೆ ಬೆಳಕು ಇಳಿಯುತ್ತಿತ್ತು. ಬೀಗದ ಕೈಗಳು ಆಫೀಸು ಮುಟ್ಟದಿದ್ದರೆ ನಾಳೆ ಕೆಲಸವಿಲ್ಲ, ಮುಟ್ಟಿದರೆ ನಾಳೆ ಈ ಗೋಡೆಯಿಲ್ಲ. ಕಾಲು ತಾನಾಗಿಯೇ ಎದ್ದಿತು. ಚೀಲ ಹೆಗಲಿಗೇರುವಾಗ ಕೀಲಿಗಳು ಗಲಗಲ ಅಂದವು.

"ಅದನ್ನ ಇಲ್ಲಿಡು" ಅಂದಳು ಅಕ್ಕ. ಕಣ್ಣು ಪರದೆಯ ಮೇಲೇ ಇತ್ತು. "ನನ್ನ ಮನೆ ಸಿಕ್ಕಿದ ಮೇಲೆ ತಗೊಂಡು ಹೋಗು."

"ಅಕ್ಕಾ..."

"ಇಡು ಅಂದೆ."

ಇಟ್ಟ. ಅವಳು ಚೀಲವನ್ನು ಕಾಲಿನಿಂದ ತನ್ನ ಕಡೆಗೆ ಎಳೆದುಕೊಂಡು, ಅದರ ಹಿಡಿಯ ಮೇಲೆ ಮಂಡಿಯೂರಿ ಕೂತು, ಬಾಗಿಲ ಕಡೆಗೆ ತಿರುಗಿ ಗಟ್ಟಿಯಾಗಿ ಕೂಗಿದಳು: "ದರ್ಜಿಯಣ್ಣಾ, ಎಲ್ಲರನ್ನೂ ಕರ್ಕೊಂಡು ಬಾ. ನಮ್ಮ ಊರು ಕಳೆದುಹೋಗಿದೆ, ಹುಡುಕ್ಬೇಕು." ಓಣಿಯಲ್ಲಿ ಚಪ್ಪಲಿಗಳ ಸದ್ದು ಹತ್ತಿರವಾಗುತ್ತಾ ಬಂತು. ಅವನು ಗೋಡೆಗೊರಗಿ ನಿಂತ. ಅಕ್ಕ ದಾಳ ಒತ್ತಿದಳು, ಊರು ಎದ್ದಿತು, ಹಕ್ಕಿ ಕೂತವು.

"ಇದಲ್ಲ" ಅಂದಳು.